ಬಾಯಲ್ಲಿ ಹೇಳದೆ ಒತ್ತಿದ ಹೆಸರು

ಹುಣಸೂರಿನ ಕಾಲೇಜಿನಲ್ಲಿ ಕೂತುಕೊಂಡು ನನ್ನ ಮೊಮ್ಮಗಳು ನಮ್ಮ ಹಿತ್ತಲ ಬ್ಯಾರನ್ನಿನ ಕಿಂಡಿ ತೆಗೆದಳು. ಈ ಒಂದು ಮಾತನ್ನು ನಾನು ಇಷ್ಟರಲ್ಲಿ ಎಷ್ಟು ಜನಕ್ಕೆ ಹೇಳಿದ್ದೇನೋ ನನಗೇ ಗೊತ್ತಿಲ್ಲ. ಡೈರಿಗೆ ಹಾಲು ಹಾಕಲು ಬಂದವರಿಗೆಲ್ಲ ಹೇಳಿದೆ. ರೇಷನ್ ಅಂಗಡಿಯ ಸಾಲಿನಲ್ಲಿ ನನ್ನ ಹಿಂದೆ ನಿಂತವಳಿಗೂ, ಅವಳ ಹಿಂದೆ ನಿಂತವಳಿಗೂ ಹೇಳಿದೆ. ಪಿರಿಯಾಪಟ್ಟಣದ ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸಿಗೆ ಹೇಳುತ್ತ ಹೇಳುತ್ತ ಅವಳು ಇಳಿಯಬೇಕಾದ ಊರೇ ದಾಟಿಹೋಯಿತು. ಪಾಪ, ನನ್ನನ್ನು ಬೈದುಕೊಂಡು ಮುಂದಿನ ಸ್ಟಾಪಿನಲ್ಲಿ ಇಳಿದಳು. ಆದರೂ ನನಗೆ ಸಾಕಾಗಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು. ಒತ್ತು ದೀರ್ಘಗಳನ್ನು ಮೊಮ್ಮಗಳು ತಿದ್ದಿಕೊಡುತ್ತಾಳೆ, ಮಾತು ಮಾತ್ರ ನನ್ನದೇ.

ನಮ್ಮೂರು ರಾವಂದೂರಿಗೆ ಸ್ವಲ್ಪ ಈಚೆ. ನಮ್ಮ ಕಡೆ ಬ್ಯಾರನ್ ಅಂದರೆ ಮಗುವಿಗೂ ಗೊತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಹೊಗೆಸೊಪ್ಪು ಬೇಯಿಸುವ ಎತ್ತರದ ಮನೆ ಅದು. ಒಳಗೆ ಸೊಪ್ಪು ಕಟ್ಟಿದ ಕಡ್ಡಿಗಳನ್ನು ಸಾಲುಸಾಲಾಗಿ ಇಳಿಬಿಡುತ್ತೇವೆ. ಹೊರಗಿನ ಒಲೆಯಲ್ಲಿ ಸೌದೆ ಉರಿಸಿದರೆ ದಪ್ಪ ಕೊಳವೆಗಳಲ್ಲಿ ಬಿಸಿ ಒಳಗೆಲ್ಲ ಸುತ್ತುತ್ತದೆ. ಮೊದಲು ಎಲೆ ಹಳದಿಯಾಗಬೇಕು, ಆಮೇಲೆ ಒಣಗಬೇಕು, ಕೊನೆಗೆ ಎಲೆಯ ನಡುವಿನ ದಂಟು ಒಣಗಬೇಕು. ಐದಾರು ದಿನದ ಕೆಲಸ. ಬಿಸಿ ಹೆಚ್ಚಾದರೂ ಕೆಟ್ಟಿತು, ಒಳಗಿನ ಹಬೆ ಹೊರಗೆ ಹೋಗದಿದ್ದರೂ ಕೆಟ್ಟಿತು. ಹಬೆ ಹೋಗಲಿ ಅಂತ ನೆತ್ತಿಯಲ್ಲಿ ಒಂದು ಕಿಂಡಿ, ಕಿಂಡಿಗೊಂದು ಮರದ ಮುಚ್ಚಳ, ಮುಚ್ಚಳಕ್ಕೊಂದು ಹಗ್ಗ. ನಮ್ಮ ಯಜಮಾನರು ನಲವತ್ತು ವರ್ಷ ಆ ಹಗ್ಗ ಎಳೆದಿದ್ದಾರೆ. ಗೋಡೆಯ ಗಾಜಿನಲ್ಲಿ ಇಣುಕಿ ಒಳಗೆ ತೂಗುಹಾಕಿದ ಥರ್ಮಾಮೀಟರ್ ನೋಡುವುದು, ಬಂದು ಹಗ್ಗ ಎಳೆಯುವುದು ಅಥವಾ ಬಿಡುವುದು. ಅವರಿಗೆ ಅದೊಂದು ರೂಢಿ ಆಗಿಹೋಗಿತ್ತು.

ಹೋದ ವರ್ಷ ಅವರ ಕಣ್ಣಿಗೆ ಪೊರೆ ಬಂತು. ಗಾಜಿನೊಳಗಿನ ಗೆರೆ ಕಾಣದು. ಗಳಿಗೆಗೊಮ್ಮೆ ಮೊಮ್ಮಗಳನ್ನು ಕೂಗುವರು. ಅವಳು ನನ್ನ ಮಗನ ಮಗಳು, ನಮ್ಮ ಜೊತೆಯಲ್ಲೇ ಇರುವವಳು, ದಿನಾ ಬಸ್ಸಿನಲ್ಲಿ ಹುಣಸೂರಿಗೆ ಹೋಗಿ ಡಿಪ್ಲೊಮಾ ಓದುವವಳು. ಒಂದು ಭಾನುವಾರ ತಲೆಗೆ ಎಣ್ಣೆ ಹಚ್ಚಿಕೊಂಡು ಕೂತವಳನ್ನು ಏಳನೇ ಸಲ ಕೂಗಿದಾಗ ಅವಳಿಗೆ ರೇಗಿತು.

"ತಾತ, ನಾನು ಕಾಲೇಜಿಗೆ ಒಂಟೋದ್ರೆ ಯಾರನ್ನ ಕರೀತೀಯ?"

"ಅಲ್ಲಿಂದ್ಲೇ ನೋಡಿ ಯೋಳು," ಅಂದರು ಇವರು. ತಮಾಷೆಗೆ ಅಂದದ್ದು.

ಅವಳು ಎಣ್ಣೆ ಕೈಯನ್ನು ಕಾಲಿಗೆ ಒರೆಸಿಕೊಂಡಳು. "ಆಗ್ತದೆ ಬುಡು," ಅಂದಳು. "ಅಂಗೇ ಮಾಡ್ತೀನಿ."

ಹದಿನೈದು ದಿನ ಕಳೆದ ಮೇಲೆ ಅಂಗೈ ಅಗಲದ ಒಂದು ಹಸಿರು ಹಲಗೆ ತಂದು ನನ್ನ ಮುಂದೆ ಹಿಡಿದಳು. ಇದೇ ಕಂಪ್ಯೂಟರ್ ಅಂದಳು. ನಾನು ತಿರುಗಿಸಿ ಮುರುಗಿಸಿ ನೋಡಿದೆ.

"ಪರದೆ ಎಲ್ಲವ್ವ?"

"ಇದಕ್ಕೆ ಪರದೆ ಇಲ್ಲ ಕಣಜ್ಜಿ. ಒತ್ತೋ ಗುಂಡೀನೂ ಇಲ್ಲ."

"ಮಕಾನೂ ಇಲ್ಲ, ಕೈಯೂ ಇಲ್ಲ. ತಕ್ಕಂಡು ಏನ್ ಮಾಡಾನ?"

"ಕಿವಿ ಐತೆ. ದೂರದಿಂದ ಯೋಳಿದ್ರೂ ಕೇಳಿಸ್ಕತದೆ, ಯೋಳಿದ್ನ ಮಾಡ್ತದೆ, ಮಾಡಿದೆ ಅಂತ ತಿರುಗಿ ಯೋಳ್ತದೆ. ಅಷ್ಟು ಸಾಕಲ್ವ?"

ಅಷ್ಟು ಮಾಡುವವರು ನಮ್ಮ ಮನೆಯಲ್ಲಿ ಇನ್ನೂ ಯಾರೂ ಇರಲಿಲ್ಲ. ಸಾಕು ಅಂದೆ.

ಆ ಹಲಗೆಯನ್ನು ಐಸ್ ಕ್ರೀಮಿನ ಖಾಲಿ ಡಬ್ಬದಲ್ಲಿ ಕೂರಿಸಿ ಬ್ಯಾರನ್ ಪಕ್ಕದ ಚಪ್ಪರದ ಗೋಡೆಗೆ ಹೊಡೆದಳು. ಬಿಸಿ ಅಳೆಯುವ ಒಂದು ತಂತಿ ಒಳಗೆ ಹೋಯಿತು. ಕಿಂಡಿಯ ಹಗ್ಗ ಎಳೆಯಲು ಬಿಳಿಕೆರೆಯ ಗುಜರಿಯಿಂದ ಬಸ್ಸಿನ ವೈಪರ್ ಮೋಟಾರು ತಂದಳು. ಯಜಮಾನರು ಬೀಡಿ ಹಚ್ಚಿಕೊಂಡು ಅದನ್ನು ಸುತ್ತ ಬಂದು ನೋಡಿದರು. "ಬಸ್ಸಿನ ಗಾಜು ಒರಸೋದ್ನ ತಂದು ನನ್ನ ಅಗ್ಗಕ್ಕೆ ಕಟ್ಟವ್ಳೆ. ಇನ್ನೊಂದೆರಡು ದಿನಕ್ಕೆ ನನ್ನೂ ಒರಸಾಕ್ತಾಳೆ," ಅಂದರು. ಅಂದರೂ ಮೋಟಾರಿಗೆ ಮಳೆ ನೀರು ಬೀಳದ ಹಾಗೆ ತಗಡು ಹೊಡೆದುಕೊಟ್ಟವರು ಅವರೇ.

ನನಗೆ ಒಂದೇ ಚಿಂತೆ. ಇವಳು ಹುಣಸೂರಿನಿಂದ ಹೇಳುವ ಮಾತು ಇಷ್ಟು ದೂರ ಬರಬೇಕು. ದಾರಿಯಲ್ಲಿ ಯಾರಾದರೂ ಕೇಳಿಸಿಕೊಂಡರೆ? ಕೇಳಿಸಿಕೊಂಡು ತಾವೂ ಹಾಗೇ ಹೇಳಿ ನಮ್ಮ ಕಿಂಡಿ ತೆಗೆದರೆ? ಕೇಳಿದೆ. ಅವಳು ಮಾತನ್ನು ಯಾರಿಗೂ ತಿಳಿಯದ ಹಾಗೆ ಮಾಡಿ ಕಳಿಸುತ್ತೇವೆ ಅಂದಾಗ ನನಗೆ ತಟ್ಟನೆ ಹೊಳೆಯಿತು. ನಾವು ಹುಡುಗಿಯರಾಗಿದ್ದಾಗ ಸೊಪ್ಪು ಕಟ್ಟುವ ಚಪ್ಪರದಲ್ಲಿ ಮೇಸ್ತ್ರಿಗೆ ಗೊತ್ತಾಗಬಾರದು ಅಂತ ಒಂದೊಂದು ಅಕ್ಷರಕ್ಕೂ ಮೊದಲು ಕ ಸೇರಿಸಿ ಮಾತಾಡುತ್ತಿದ್ದೆವು. ನೀರು ಕೊಡು ಅನ್ನಲು 'ಕನೀಕರು ಕಕೊಕಡು'. ಮೇಸ್ತ್ರಿ ಮುಂದೆಯೇ ಮೇಸ್ತ್ರಿಯ ಮೀಸೆಯನ್ನು ಆಡಿಕೊಂಡು ನಗುತ್ತಿದ್ದೆವು. ಅದೇ ತಾನೇ ಅಂದೆ.

ಅವಳು ನನ್ನ ತೋಳು ಹಿಡಿದು ಅಲ್ಲಾಡಿಸಿದಳು. "ಅದೇ ಕಣಜ್ಜಿ. ಆದ್ರೆ ನಿಮ್ದು ಮೇಸ್ತ್ರಿ ಎರಡು ದಿನ ಕಿವಿಗೊಟ್ರೆ ಕಲ್ತುಬುಡ್ತಾನೆ. ಇಲ್ಲಿ ಯೋಳೋ ಯಂತ್ರ, ಕೇಳೋ ಯಂತ್ರ ಎರಡೂ ಸೇರಿ ಪ್ರತಿ ಸಲಾನೂ ಒಸಾದೊಂದು ಮಾತು ಕಟ್ಕತವೆ. ಮಾತು ಮುಗಿದ್ ಮ್ಯಾಲೆ ಅದನ್ನ ಬಿಸಾಕ್ತವೆ. ನಡುವೆ ನಿಂತು ಕೇಳ್ದೋನಿಗೆ ಬರೀ ಗಲಾಟೆ."

ಪ್ರತಿ ಸಲವೂ ಹೊಸ ಮಾತು ಕಟ್ಟುವ ಬುದ್ಧಿ ನಮಗೆ ಆಗ ಬಂದಿದ್ದರೆ ಆ ಮೇಸ್ತ್ರಿಯ ಕಥೆ ಮುಗಿದಿರುತ್ತಿತ್ತು.

ಇದನ್ನೇ ಅವಳು ಕಾಲೇಜಿನ ಕೊನೆಯ ವರ್ಷದ ಪ್ರಾಜೆಕ್ಟು ಅಂತ ಕೊಟ್ಟಳು. ಮಿಕ್ಕ ಮಕ್ಕಳು ತಾವು ಮಾಡಿದ್ದನ್ನು ಮೇಜಿನ ಮೇಲೆ ಇಟ್ಟು ತೋರಿಸುವವರು. ಇವಳದು ಮಾತ್ರ ಅಷ್ಟು ದೂರದ ಊರಿನಲ್ಲಿ, ಬೇಯುತ್ತಿರುವ ಸೊಪ್ಪಿನ ಪಕ್ಕದಲ್ಲಿ. ಪಾಠ ಹೇಳುವ ಮೇಡಂ ಎಚ್ಚರಿಸಿದ್ದರಂತೆ, ಆ ದಿನ ಕೆಟ್ಟು ನಿಂತರೆ ಏನು ತೋರಿಸುತ್ತೀಯ, ಮೇಜಿನ ಮೇಲಿನದೇ ಏನಾದರೂ ಮಾಡು ಅಂತ. ಇವಳು ಒಪ್ಪಲಿಲ್ಲ. ಹೊರಗಿನಿಂದ ಪರೀಕ್ಷೆ ಮಾಡಲು ಒಬ್ಬರು ಬರುತ್ತಾರೆ, ಅವರು ಇರುವಷ್ಟರಲ್ಲಿ ತೋರಿಸಬೇಕು. ತೋರಿಸದಿದ್ದರೆ ಅರ್ಧ ವರ್ಷ ಕಾದು ಚಿಕ್ಕ ಕ್ಲಾಸಿನ ಮಕ್ಕಳ ಜೊತೆ ಮತ್ತೆ ನಿಲ್ಲಬೇಕು. ಎರಡು ದಿನದಿಂದ ಮಗು ನೆಟ್ಟಗೆ ಮುದ್ದೆ ಮುರಿದಿರಲಿಲ್ಲ. ಅವಳಿಗೆ ಕೇಳಿಸಬಾರದು ಅಂತ ನಾನು ಒಳಗೇ ದೇವರಿಗೆ ಹರಕೆ ಹೊತ್ತೆ.

ಆ ದಿನ ಮಗ ಸೊಸೆ ಎಚ್.ಡಿ. ಕೋಟೆಯ ನೆಂಟರ ಮನೆ ಗೃಹಪ್ರವೇಶಕ್ಕೆ ಹೋಗಿದ್ದರು. ಬ್ಯಾರನ್ ಹತ್ತಿಸಿ ಮೂರನೇ ದಿನ, ಬಿಟ್ಟು ಹೋಗುವ ಹಾಗಿಲ್ಲ, ಆದ್ದರಿಂದ ಯಜಮಾನರು ಒಲೆಯ ಮುಂದೆ, ನಾನು ಮನೆಯಲ್ಲಿ. ಪರೀಕ್ಷೆ ಕಾಲೇಜಿನ ಕಂಪ್ಯೂಟರಿನಲ್ಲೇ ಆಗಬೇಕಂತೆ. ಹಾಗಾಗಿ ಅವಳು ತನ್ನ ಹಳೆಯ ಲ್ಯಾಪ್‌ಟಾಪನ್ನು ಮನೆಯಲ್ಲೇ ಬಿಟ್ಟಿದ್ದಳು. ಬ್ಯಾರನ್ನಿನ ಯಂತ್ರಕ್ಕೆ ದೂರದಿಂದ ಮಾತಾಡಲು ಬೇಕಾದ ಬೀಗದ ಕೈ ಒಂದು ಸಣ್ಣ ಪೆನ್ ಡ್ರೈವಿನಲ್ಲಿತ್ತು. ಅದನ್ನು ಕೊರಳಿಗೆ ಕಟ್ಟಿಕೊಂಡು ಹೋಗಿದ್ದಳು.

ಹನ್ನೊಂದು ಗಂಟೆಯ ಹೊತ್ತಿಗೆ ಕರೆಂಟ್ ಹೋಯಿತು. ಅನ್ನ ಒಂದು ಕುದಿ ಬರುವಷ್ಟರಲ್ಲಿ ಬಂತು. ನಾನು ಅದನ್ನು ಗಮನಿಸಲೂ ಇಲ್ಲ. ಸ್ವಲ್ಪ ಹೊತ್ತಿಗೆ ಅವಳ ಫೋನ್ ಬಂತು.

"ಅಜ್ಜಿ, ಕರೆಂಟ್ ಓಗಿತ್ತಾ?"

"ಓಗಿತ್ತು, ಬಂತು ಕಣವ್ವ."

ಆ ಕಡೆ ಅವಳು ಮತ್ತೆ ಮತ್ತೆ ಗುಂಡಿ ಒತ್ತಿ ನೋಡಿದ್ದು ಕೇಳಿಸಿತು.

ಆಗಿದ್ದು ಇಷ್ಟು. ಕರೆಂಟ್ ಹೋದಾಗ ಹಸಿರು ಹಲಗೆ ಮಲಗಿಬಿಟ್ಟಿತ್ತು. ಅದಕ್ಕೆ ಅಂತ ಇಟ್ಟಿದ್ದ ಬ್ಯಾಟರಿಯ ವೈರನ್ನು ಇಲಿ ಕಡಿದಿತ್ತು ಅನ್ನುವುದು ಆಮೇಲೆ ಗೊತ್ತಾಯಿತು. ಕರೆಂಟ್ ಬಂದ ಮೇಲೆ ಎದ್ದಿತ್ತು, ಆದರೆ ಎದ್ದ ಮೇಲೆ ಹೊರಗಿನ ದಾರಿಗೆ ಬಾಗಿಲು ತೆಗೆಯುವುದು ಅದಕ್ಕೆ ತಾನಾಗಿ ಬರುತ್ತಿರಲಿಲ್ಲ. ಮನೆಯ ಒಳಗಿನಿಂದ ಯಾರಾದರೂ ಅದಕ್ಕೆ ಹೇಳಬೇಕು. ಯಾವಾಗಲೂ ಅವಳೇ ಹೇಳುತ್ತಿದ್ದಳು. ಈಗ ಬಾಗಿಲು ಹಾಕಿದೆ, ಅವಳು ಹೊರಗಿದ್ದಾಳೆ.

ಹಿಂದಿನಿಂದ ಒಬ್ಬ ಗಂಡಸಿನ ದನಿ ಕೇಳಿಸಿತು. ಪರೀಕ್ಷೆ ಮಾಡುವವರು. "ನಾನು ಹನ್ನೆರಡೂವರೆ ತನಕ ಇರ್ತೀನಮ್ಮ. ಫೋನ್ ಮೇಜಿನ ಮೇಲಿಡು, ಸ್ಪೀಕರ್‌ನಲ್ಲೇ ಇರಲಿ. ಏನು ಮಾಡಿಸ್ತೀಯೋ ನಮ್ಮೆಲ್ಲರ ಎದುರಿಗೆ ಮಾಡಿಸು."

"ಅಜ್ಜಿ," ಅಂದಳು. ದನಿ ಸಣ್ಣಗಿತ್ತು. "ನೀನೇ ಮಾಡ್ಬೇಕು."

"ತಾತನ್ನ ಕರೀಲಾ?"

"ತಾತಂಗೆ ಅಕ್ಸರ ಕಾಣಲ್ಲ. ನಿಂಗೆ ಎ ಬಿ ಸಿ ಡಿ ಬತ್ತದಲ್ಲ."

ಬರುತ್ತದೆ, ಹೌದು. ಅವಳು ಒಂದನೇ ಕ್ಲಾಸಿನಲ್ಲಿದ್ದಾಗ ಸ್ಲೇಟು ಹಿಡಿದು ಅವಳ ಪಕ್ಕದಲ್ಲೇ ಕೂತು ಇಪ್ಪತ್ತಾರನ್ನೂ ಕಲಿತಿದ್ದೆ. ದೊಡ್ಡ ಅಕ್ಷರ ಮಾತ್ರ. ಚಿಕ್ಕದಕ್ಕೆ ಬರುವ ಹೊತ್ತಿಗೆ ಕಳೆ ಕೀಳುವ ಕಾಲ ಬಂದಿತ್ತು.

ಜಗುಲಿಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿಟ್ಟುಕೊಂಡೆ. ಎಲ್ಲಿ ಒತ್ತಿದರೆ ಪರದೆಯ ಮೇಲೆ ಬರೆಯುವ ಕಪ್ಪು ಹಲಗೆ ಬರುತ್ತದೆ ಅಂತ ಹೇಳಿದಳು, ಬಂತು. ಎಸ್, ಎಸ್, ಎಚ್. ಉದ್ದದ ಗುಂಡಿ ಒಂದು ಸಲ. ಆಮೇಲೆ ಬಿ, ಎ, ಆರ್, ಎನ್.

"ಬಿ ಒತ್ತಿದ್ರೆ ಒಂದೇ ಒಟ್ಟೆ ಇರೋ ಬಿ ಬತ್ತದೆ ಕಣವ್ವ. ಮ್ಯಾಲಿನ್ ಒಟ್ಟೆ ಇಲ್ಲ."

"ಅದು ಚಿಕ್ಕ ಬಿ ಅಜ್ಜಿ. ಸರಿಯಾಗೈತೆ. ಎಂಟರ್ ಒತ್ತು."

ಒತ್ತಿದೆ. ಏನೋ ಒಂದು ಸಾಲು ಬಂತು. ಕಣ್ಣು ಹತ್ತಿರ ಒಯ್ದು ಬೆರಳಿಟ್ಟು ಓದಿದೆ. ಕೊನೆಯ ಪದ ಪಿ, ಎ, ಎಸ್, ಎಸ್ ಅಂತ ಶುರುವಾಗಿತ್ತು. ಅಷ್ಟು ಇಂಗ್ಲಿಷ್ ಯಾರಿಗೆ ಗೊತ್ತಿಲ್ಲ.

"ಪಾಸ್ ಅಂತ ಬಂದೈತೆ ಮಗ. ಪಾಸಾದ್ಯಾ?"

ಆ ಕಡೆ ಎಷ್ಟೋ ಜನ ಒಟ್ಟಿಗೆ ನಕ್ಕರು. ಅವಳ ನಗು ಅದರಲ್ಲಿ ಇತ್ತೋ ಇಲ್ಲವೋ ಗೊತ್ತಾಗಲಿಲ್ಲ. "ಅಲ್ಲ ಕಣಜ್ಜಿ, ಪಾಸ್‌ವರ್ಡ್ ಕೇಳ್ತಾ ಐತೆ. ಗುಟ್ಟಿನ ಪದ."

"ಯೋಳು, ಒತ್ತೀನಿ."

ಅವಳು ಬಾಯಿ ಬಿಡುವ ಮೊದಲೇ ಪರೀಕ್ಷೆಯವರು ತಡೆದರು. "ಇಷ್ಟು ಜನದ ಎದುರಿಗೆ ಹೇಳಿಬಿಟ್ಟರೆ ಗುಟ್ಟು ಎಲ್ಲಿ ಉಳೀತಮ್ಮ? ಅದಕ್ಕೂ ನಾನು ನಂಬರ್ ಇಟ್ಟಿದ್ದೀನಿ."

ಹೇಳಿದರೆ ಸೋತಳು, ಹೇಳದಿದ್ದರೆ ನನಗೆ ಗೊತ್ತಿಲ್ಲ. ಅವಳು ಯೋಚಿಸಿ ಯೋಚಿಸಿ ಒಂದೊಂದೇ ಮಾತು ಇಟ್ಟಳು.

"ಅಜ್ಜಿ, ಅದು... ನೀನು ಬಾಯಿ ಬುಟ್ಟು ಯೋಳ್ದೆ ಇರೋ ಎಸ್ರು."

ಗೊತ್ತಾಯಿತು. ಮುಖಕ್ಕೆ ರಕ್ತ ನುಗ್ಗಿತು, ಈ ವಯಸ್ಸಿನಲ್ಲಿ.

ನಾನು ಈ ಮನೆಗೆ ಬಂದು ನಲವತ್ತೇಳು ವರ್ಷ. ಬಂದ ದಿನ ನಾದಿನಿಯರು ಬಾಗಿಲು ಅಡ್ಡಗಟ್ಟಿ ಗಂಡನ ಹೆಸರು ಹೇಳು ಅಂತ ನಿಲ್ಲಿಸಿಕೊಂಡಾಗ ಒಂದು ಸಲ ಗಂಟಲಲ್ಲೇ ಅಂದಿದ್ದೆ. ಅದೇ ಮೊದಲು, ಅದೇ ಕೊನೆ. ಅವರ ಹೆಸರು ಒಬ್ಬ ದೇವರ ಹೆಸರು ಆದ್ದರಿಂದ ಆ ದೇವರನ್ನೂ ನಾನು 'ಬೆಟ್ಟದ ಮೇಲಿನವನು' ಅನ್ನುತ್ತೇನೆ. ಆಸ್ಪತ್ರೆಯಲ್ಲಿ ನರ್ಸಮ್ಮ ಗಂಡನ ಹೆಸರು ಕೇಳಿದರೆ ಅಗೋ ಅಲ್ಲಿ ಕೂತವ್ರೆ, ಅವರನ್ನೇ ಕೇಳವ್ವ ಅಂದಿದ್ದೇನೆ. ನಮ್ಮ ಸೊಸೆ ಎರಡು ಹೊಲದಾಚೆಯಿಂದ ನನ್ನ ಮಗನನ್ನು ಹೆಸರು ಹಿಡಿದು ಕೂಗುತ್ತಾಳೆ, ಅದು ತಪ್ಪು ಅಂತ ನಾನು ಯಾವತ್ತೂ ಅಂದಿಲ್ಲ. ನನಗೂ ಈಗ ಹೆದರಿಕೆಯೇನಿಲ್ಲ. ಇಷ್ಟು ವರ್ಷ ಒಳಗೇ ಇಟ್ಟುಕೊಂಡು ಬಂದದ್ದು ಒಳಗೇ ಇದ್ದರೆ ಚೆಂದ ಅನ್ನಿಸುತ್ತದೆ, ಅಷ್ಟೆ. ಅಂಥದ್ದನ್ನು ಈ ಹುಡುಗಿ ತೆಗೆದುಕೊಂಡು ಹೋಗಿ ಬ್ಯಾರನ್ನಿಗೆ ಬೀಗ ಹಾಕಿದ್ದಳು.

ಒತ್ತಿದರೆ ಹೇಳಿದ ಹಾಗೋ ಅಲ್ಲವೋ? ಯೋಚಿಸಲು ಹೊತ್ತಿರಲಿಲ್ಲ. ಬಾಗಿಲ ಹಿಂದೆ ಮೊಳೆಗೆ ಸಿಕ್ಕಿಸಿದ್ದ ಕವರಿನಿಂದ ಅವರ ವೋಟರ್ ಕಾರ್ಡು ತೆ‌ಗೆದುಕೊಂಡೆ. ಅದರಲ್ಲಿ ಇಂಗ್ಲಿಷಿನಲ್ಲಿ ಇದೆ. ಮೊದಲ ಅಕ್ಷರ ಹುಡುಕಿ ಒತ್ತಿದೆ. ಪರದೆಯಲ್ಲಿ ಏನೂ ಮೂಡಲಿಲ್ಲ. ಬೆರಳು ಸರಿಯಾಗಿ ತಾಕಲಿಲ್ಲವೇನೋ ಅಂತ ಇನ್ನೊಂದು ಸಲ ಒತ್ತಿದೆ. ಹೀಗೆ ಎಲ್ಲವನ್ನೂ ಎರಡೆರಡು ಸಲ ಒತ್ತಿ ಎಂಟರ್ ಹೊಡೆದೆ. ಮತ್ತೆ ಅದೇ ಪಾಸ್ ಅನ್ನುವ ಸಾಲು.

"ಏನೂ ಬತ್ತಾನೇ ಇಲ್ಲ ಕಣವ್ವ, ನಾನು ಒತ್ತಿ ಒತ್ತಿ ಸಾಕಾಯ್ತು."

"ಅದು ಕಾಣಲ್ಲ ಅಜ್ಜಿ. ಪಕ್ಕದಾಗೆ ಕೂತೋರಿಗೂ ಕಾಣ್ಬಾರ್ದು ಅಂತ್ಲೇ ಅಂಗೆ ಮಡಗಿರೋದು. ಕಾಣ್ದಿದ್ರೂ ಒಂದೇ ಸಲ ಒತ್ತು."

ಕೇಳಿ ನಾನು ಕೈ ತೆಗೆದು ಹಾಗೇ ಕೂತೆ. ಬಾಯಲ್ಲಿ ಹೇಳುವ ಹಾಗಿಲ್ಲ, ಬರೆದರೆ ಕಾಣುವ ಹಾಗಿಲ್ಲ. ಆದರೂ ಆ ಹೆಸರು ಹೇಳದೆ ಬಾಗಿಲು ತೆಗೆಯುವುದಿಲ್ಲ. ಯಾವ ದೇಶದವರು ಇದನ್ನು ಮಾಡಿದರೋ, ಅವರ ಮನೆಯಲ್ಲೂ ನನ್ನಂಥವಳು ಒಬ್ಬಳು ಇದ್ದಿರಬೇಕು. ನನಗೆ ಆ ಗಡಿಬಿಡಿಯಲ್ಲೂ ನಗು ಬಂತು. ಧೈರ್ಯವೂ ಬಂತು. ಕಾರ್ಡು ನೋಡಿಕೊಂಡು ಒಂದೊಂದೇ ಸಲ ಒತ್ತಿದೆ.

ಮತ್ತೆ ಅದೇ ಸಾಲು.

"ಇನ್ನೊಂದೇ ಸಲ ಅಜ್ಜಿ," ಅಂದಳು. ಮೂರು ಸಲ ತಪ್ಪಿದರೆ ಒಂದು ಗಂಟೆ ಯಾರನ್ನೂ ಒಳಗೆ ಬಿಡಬಾರದು ಅಂತ, ಕಳ್ಳರಿಗೆ ಅಂತ, ಅವಳೇ ಆ ಯಂತ್ರಕ್ಕೆ ಹೇಳಿಟ್ಟಿದ್ದಳು. ಒಂದು ಗಂಟೆ ಕಳೆದರೆ ಪರೀಕ್ಷೆಯವರು ಇರುವುದಿಲ್ಲ.

ಅಷ್ಟರಲ್ಲಿ ಯಜಮಾನರು ಒಲೆಗೆ ಸೌದೆ ಒಟ್ಟಿ ಬಂದರು. "ಏನಮ್ಮಿ ಇದು ಸಂತೆ?"

ನಾನು ಕಾರ್ಡು ತೋರಿಸಿದೆ. "ಇದ್ರಲ್ಲಿ ಇರಾದ್ನೇ ಒತ್ತಿದೆ. ಆಗ್ನಿಲ್ಲ."

"ಯಾವ್ದದು? ವೋಟಿಂದಾ? ಅದ್ರಲ್ಲಿ ನಾನು ಎಂಗ್ಸು ಕಣಮ್ಮಿ."

ಫೋನಿನಲ್ಲಿ ಮತ್ತೆ ನಗು. ನನಗೆ ಮಾತ್ರ ಕಣ್ಣು ತೆರೆದ ಹಾಗಾಯಿತು. ಹೌದಲ್ಲ. ಆ ಕಾರ್ಡಿನಲ್ಲಿ ಕೊನೆಯ ಒಂದು ಅಕ್ಷರ ತಪ್ಪಾಗಿ ದೇವರು ಹೋಗಿ ದೇವಿ ಆಗಿದ್ದರು. ಆಧಾರಿನಲ್ಲೂ ಹಾಗೇ ಇತ್ತು. ಎರಡು ವರ್ಷದ ಕೆಳಗೆ ಇದೇ ಮೊಮ್ಮಗಳು ತಾತನ ಕೈ ಹಿಡಿದು ಪಿರಿಯಾಪಟ್ಟಣಕ್ಕೆ ಕರೆದುಕೊಂಡು ಹೋಗಿ, ಮೀಸೆ ತೋರಿಸಿ, ಆಧಾರನ್ನು ತಿದ್ದಿಸಿಕೊಂಡು ಬಂದಿದ್ದಳು. ತಿದ್ದಿಸಿದವಳು ಯಾರೋ ಗುಟ್ಟಿನ ಪದ ಇಟ್ಟವಳೂ ಅವಳೇ.

"ನಿಮ್ಮ ಆಧಾರ್ ಕೊಡಿ."

"ಈಗ್ಯಾಕೆ? ಯಾವ್ ಸಾಲ ತಗತೀಯ?"

"ಕೊಡಿ ಅಂದೆ."

ಅಂಗಿ ಜೇಬಿನ ಪ್ಲಾಸ್ಟಿಕ್ಕಿನಿಂದ ತೆಗೆದುಕೊಟ್ಟರು. ನಾನು ಅದನ್ನು ತೊಡೆಯ ಮೇಲಿಟ್ಟುಕೊಂಡು ಮೊದಲ ಅಕ್ಷರಕ್ಕೆ ಬೆರಳು ಒಯ್ಯುವಷ್ಟರಲ್ಲಿ ಪರೀಕ್ಷೆಯವರು ಫೋನಿನ ಹತ್ತಿರ ಬಂದರು. ದನಿ ಬಲು ನಯವಾಗಿತ್ತು.

"ಅಮ್ಮಾ, ನಾನು ಪರೀಕ್ಷೆ ಮಾಡೋಕೆ ಬಂದಿರೋನು. ನಿಮಗ್ಯಾಕೆ ಇಷ್ಟು ಕಷ್ಟ? ಆ ಪದ ನನಗೆ ಹೇಳಿಬಿಡಿ, ನಾನೇ ಇಲ್ಲಿಂದ ಸರಿ ಮಾಡಿಸ್ತೀನಿ."

"ಯೋಳಕಾಗಕಿಲ್ಲ ಸ್ವಾಮಿ."

"ನಾನು ಹೊರಗಿನವನಲ್ಲಮ್ಮ. ನಿಮ್ಮ ಮೊಮ್ಮಗಳಿಗೆ ನಂಬರ್ ಕೊಡೋನೇ ನಾನು."

"ನೀವು ಯಾರಾದ್ರೂ ಆಗಿ. ಆ ಎಸ್ರು ನನ್ ಬಾಯಲ್ಲಿ ಬರಾಕಿಲ್ಲ."

"ನಂಬರ್ ಕೊಡಲ್ಲ ಅಂದರೆ?"

ಫೋನಿಗೇ ಕೈ ಮುಗಿದೆ. ಮುಗಿದು ಅಂದೆ, "ನಿಮ್ ಕಾಲಿಗೆ ಬೀಳ್ತೀನಿ, ನಂಬರ್ ಕೊಡಿ. ಎಸ್ರು ಮಾತ್ರ ಕೇಳ್ಬೇಡಿ. ನಮ್ಮತ್ತೇನೂ ಸಾಯೋಗಂಟ ಯೋಳ್ಲಿಲ್ಲ."

ಆ ಕಡೆ ಒಬ್ಬ ಹೆಂಗಸು ಕಿಲಕಿಲ ನಕ್ಕದ್ದು ಕೇಳಿಸಿತು. ಅದು ಮೇಡಂ ಇರಬೇಕು, ಅವರಿಗೆ ಅರ್ಥವಾಗಿತ್ತು. ಪರೀಕ್ಷೆಯವರಿಗೆ ಅರ್ಥವಾಯಿತೋ ಇಲ್ಲವೋ, ಅವರು ಮಕ್ಕಳ ಕಡೆ ತಿರುಗಿ ಹೇಳಿದ್ದು ನನಗೂ ಕೇಳಿಸಿತು. "ನೋಡ್ರಪ್ಪ, ಪಾಸ್‌ವರ್ಡ್ ಯಾರಿಗೂ ಹೇಳಬೇಡಿ ಅಂತ ಮೂರು ವರ್ಷ ಪಾಠ ಮಾಡಿಸಿಕೊಂಡಿದ್ದೀರಿ. ಯಾರೋ ಫೋನ್ ಮಾಡಿ ಸಾಹೇಬ್ರು ಅಂದ್ರೆ ಹೇಳಿಬಿಡ್ತೀರಿ. ಈ ಅಮ್ಮನ್ನ ನೋಡಿ ಕಲೀರಿ." ನಾನು ಏನು ಕಲಿಸಿದೆ ಅಂತ ನನಗೆ ಆಗ ಗೊತ್ತಾಗಲಿಲ್ಲ. ಬೈಗುಳವಲ್ಲ ಅನ್ನುವುದು ಗೊತ್ತಾಯಿತು.

ಮೂರನೇ ಸಲ. ಆಧಾರಿನ ಮೇಲೆ ಎಡಗೈ ಬೆರಳು, ಗುಂಡಿಯ ಮೇಲೆ ಬಲಗೈ ಬೆರಳು. ಎದುರಿಗೆ ಆ ಹೆಸರಿನವರೇ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಅವರನ್ನು ನೋಡದೆ ಒತ್ತಿದೆ. ಎಂಟರ್.

ಪರದೆಯ ಮೇಲೆ ಸರಸರ ಅಂತ ಸಾಲುಗಳು ಬಂದವು.

"ಏನೇನೋ ಬಂತು ಕಣವ್ವ. ಪಾಸ್ ಅಂತ ಇಲ್ಲ ಈ ಸಲ."

"ಒಳಗೋದೆ ಅಜ್ಜಿ," ಅಂದಳು, ಒಂದೇ ಉಸಿರಿಗೆ. "ಈಗ ನೀನು ಬ್ಯಾರನ್ ಯಂತ್ರದ್ ಒಳಗಿದ್ದೀಯ."

ನಾನು ಜಗುಲಿಯ ಮೇಲೇ ಇದ್ದೆ. ಆದರೂ ಒಂದು ಸಲ ನನ್ನ ಕಾಲು ನೋಡಿಕೊಂಡೆ.

ಆಮೇಲಿನದು ಸುಲಭ. ಬಾಗಿಲು ಅನ್ನುವುದನ್ನು ಇಂಗ್ಲಿಷ್ ಅಕ್ಷರದಲ್ಲಿ, ಬಿ, ಎ, ಜಿ, ಐ, ಎಲ್, ಯು. ಅವಳು ಹೊರದಾರಿ ತೆಗೆಯಲು ಇಟ್ಟಿದ್ದ ಆಜ್ಞೆ ಅದು. ನಾನು ಇಲ್ಲಿ ಒತ್ತಿದೆ, ಚಪ್ಪರದ ಗೋಡೆಯ ಐಸ್ ಕ್ರೀಮ್ ಡಬ್ಬ ಅದನ್ನು ಕೇಳಿಸಿಕೊಂಡಿತು. ಕೇಳಿಸಿಕೊಂಡು ತಿರುಗಿ ಒಂದು ಪದ ಕಳಿಸಿತು: ಎ, ಎ, ವೈ, ಟಿ, ಯು. ಕೂಡಿಸಿ ಓದಿದೆ. ಆಯ್ತು. ಕನ್ನಡದಲ್ಲಿ ಉತ್ತರ ಕೊಟ್ಟಿತ್ತು. ನಲವತ್ತೇಳು ವರ್ಷದಲ್ಲಿ ನಾನು ಹೇಳಿದ ತಕ್ಷಣ ಈ ಮನೆಯಲ್ಲಿ ಆಯ್ತು ಅಂದದ್ದು ಅದೊಂದೇ.

"ತಾತನ್ನ ಇತ್ತಲಿಗೆ ಕಳ್ಸು ಅಜ್ಜಿ. ಕಿಂಡಿ ನೋಡ್ಲಿ."

ಅವರು ಹೋಗಿ ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತ ನಿಂತರು. ಅಕ್ಷರ ಕಾಣದಿದ್ದರೂ ಅಷ್ಟು ದೊಡ್ಡ ಮುಚ್ಚಳ ಕಾಣುತ್ತದೆ. ನಾನು ಫೋನು ಹಿಡಿದು ಹಿಂಬಾಗಿಲಿನಲ್ಲಿ ನಿಂತೆ. ಹುಣಸೂರಿನಲ್ಲಿ ಅವಳು ಟಕಟಕ ಒತ್ತಿದ್ದು ಕೇಳಿಸಿತು. ಇಲ್ಲಿ ವೈಪರ್ ಮೋಟಾರು ಗುರ್ ಅಂದಿತು. ಹಗ್ಗ ಬಿಗಿಯಾಯಿತು. ಮುಚ್ಚಳ ನಿಧಾನಕ್ಕೆ ಎದ್ದಿತು, ಎದ್ದು ನಿಂತಿತು, ಅದರ ಕೆಳಗಿನಿಂದ ಬಿಳಿ ಹಬೆ ಬುಸಬುಸ ಅಂತ ಹೊರಗೆ ಬಂತು. ಹಸಿ ಸೊಪ್ಪಿನ ಘಾಟು ಅಂಗಳಕ್ಕೆಲ್ಲ ಬಂತು.

"ಬಾಯ್ ಬುಡ್ತು ಕಣಮ್ಮಿ," ಅಂದರು ಯಜಮಾನರು.

ಅದನ್ನು ಫೋನಿಗೆ ಹೇಳಿದೆ. ಪರೀಕ್ಷೆಯವರು ಮುಚ್ಚಿಸಿ ಅಂದರು. ಮುಚ್ಚಿತು. ಮತ್ತೆ ತೆಗೆಸಿ ಅಂದರು. ತೆಗೆಯಿತು. ಯಜಮಾನರು ರೇಡಿಯೋದಲ್ಲಿ ಆಟ ಹೇಳುವವರ ಹಾಗೆ ಶುರು ಮಾಡಿದರು: "ಎತ್ತಾ ಐತೆ, ಎತ್ತಾ ಐತೆ, ಅರ್ಧ ಆಯ್ತು, ನಿಂತ್ಕತು." ಒಳಗಿನ ಬಿಸಿ ಎಷ್ಟು ನೋಡಿ ಅಂದರು ಪರೀಕ್ಷೆಯವರು. ನಾನು ಸೀರೆ ಎತ್ತಿಕಟ್ಟಿ ಓಡಿದೆ. ಎಷ್ಟು ವರ್ಷವಾಗಿತ್ತೋ ಓಡಿ. ಗಾಜಿಗೆ ಕಣ್ಣು ಒತ್ತಿ ನೋಡಿ ನೂರ ಇಪ್ಪತ್ತೆರಡು ಅಂದೆ. ಆ ಕಡೆ ಅವರೂ ಪರದೆ ನೋಡಿ ನೂರ ಇಪ್ಪತ್ತೆರಡು ಅಂದರು. ಆಮೇಲೆ ಕೇಳಿಸಿದ್ದು ಮಕ್ಕಳ ಚಪ್ಪಾಳೆ.

ಫೋನು ಇಟ್ಟು ಜಗುಲಿಗೆ ಬಂದಾಗ ಲ್ಯಾಪ್‌ಟಾಪಿನ ಕಪ್ಪು ಹಲಗೆಯ ಮೇಲೆ ಹೊಸದೊಂದು ಸಾಲು ಕೂತಿತ್ತು. ನಾನು ಒತ್ತಿದ್ದಲ್ಲ. ಆ ಯಂತ್ರದ ಒಳಗೆ ಯಾರ್ಯಾರು ಇದ್ದಾರೋ ಅವರ ಪರದೆಗೆಲ್ಲ ಮಾತು ಕಳಿಸಬಹುದಂತೆ. ಅವಳು ಹುಣಸೂರಿನಿಂದ ಒಳಗೆ ಬಂದಿದ್ದಳು, ನಾನು ಜಗುಲಿಯಿಂದ ಒಳಗೇ ಇದ್ದೆ. ನನಗೆ ಗೊತ್ತಾಗಲಿ ಅಂತ ದೊಡ್ಡ ಅಕ್ಷರದಲ್ಲೇ ಬರೆದಿದ್ದಳು. ಎ, ಜೆ, ಜೆ, ಐ. ಅಜ್ಜಿ. ಆಮೇಲೆ ಜಿ, ಇ, ಡಿ, ಡಿ, ಇ. ಗೆದ್ದೆ.

ತಾನು ಗೆದ್ದೆ ಅಂದಳೋ, ನೀನು ಗೆದ್ದೆ ಅಂದಳೋ. ಸಂಜೆ ಬಸ್ಸಿಳಿದು ಬಂದವಳನ್ನು ದಾರಿಯಲ್ಲೇ ತಬ್ಬಿಕೊಂಡು ಅದನ್ನೇ ಕೇಳಿದೆ. "ನೀನೇ ಓದ್ಕೊ," ಅಂದಳು. ಪಾಸು ಮಾಡಿದ್ದಾರಂತೆ. ಮುಂದಿನ ವಾರ ಮೇಡಂ ಚಿಕ್ಕ ಕ್ಲಾಸಿನ ಮಕ್ಕಳನ್ನು ನಮ್ಮ ಬ್ಯಾರನ್ ನೋಡಲು ಕರೆದುಕೊಂಡು ಬರುತ್ತಾರಂತೆ. ಇಪ್ಪತ್ತು ಜನಕ್ಕೆ ಏನು ಮಾಡಿ ಬಡಿಸುವುದು ಅಂತ ನಾನು ಆಗಲೇ ಲೆಕ್ಕ ಹಾಕುತ್ತಿದ್ದೆ.

ಬಂದವಳೇ ಲ್ಯಾಪ್‌ಟಾಪ್ ಬಿಚ್ಚಿದಳು. ಮೊದಲ ಕೆಲಸ, ಆ ಗುಟ್ಟಿನ ಪದ ತೆಗೆದು ಬೇರೆ ಹಾಕಬೇಕು. ಅಜ್ಜಿ ಹೇಳದ ಹೆಸರು ಯಾವುದು ಅನ್ನುವುದು ಕಾಲೇಜಿನಲ್ಲಿ ಎಲ್ಲರಿಗೂ ಹೊಳೆದುಬಿಟ್ಟಿದೆ ಅಂದಳು.

ಯಜಮಾನರು ಒಲೆಯ ಮುಂದಿನಿಂದ ನನ್ನನ್ನು ಕರೆದರು. ಸೌದೆಯನ್ನು ಸುಮ್ಮನೆ ಅತ್ತ ಇತ್ತ ಸರಿಸುತ್ತ ಕೇಳಿದರು, "ನನ್ನೆಸ್ರು ತೆಗೆದಾಕ್ತಾಳಂತಾ?"

"ಊಂ."

"ಎರಡು ಸಲ ತಪ್ಪು ಒತ್ತಿದ್ಯಂತೆ."

"ಮೂರ್ನೇದು ಸರಿ ಒತ್ತಿದೆ."

ಅವರು ಬೆಂಕಿಯನ್ನೇ ನೋಡುತ್ತಿದ್ದರು. "ಇನ್ನೊಂದು ದಿನ ಇರ್ಲಿ ಅನ್ನು."

ಹೋಗಿ ಹೇಳಿದೆ. ಮೊಮ್ಮಗಳು ಒಮ್ಮೆ ಹಿತ್ತಲ ಕಡೆ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. "ಒಂದು ದಿನ ಆಗಲ್ಲ ಅಜ್ಜಿ. ಊಟ ಆಗೋಗಂಟ ಬುಡ್ತೀನಿ," ಅಂದು ಕೈಕಾಲು ತೊಳೆಯಲು ಎದ್ದು ಹೋದಳು.

ಮುದ್ದೆಗೆ ಎಸರಿಟ್ಟೆ. ಎಸರು ಕಾಯುವಷ್ಟರಲ್ಲಿ ಜಗುಲಿಗೆ ಬಂದು ನಾಲ್ಕು ಸಲ ಆ ಯಂತ್ರದೊಳಗೆ ಹೋಗಿ ಬಂದೆ. ಒಳಗೆ ನನಗೆ ಕೆಲಸವೇನೂ ಇರಲಿಲ್ಲ. ನಾಲ್ಕನೇ ಸಲ ಕಾರ್ಡು ನೋಡಲಿಲ್ಲ.